ಬಿಸಿಲಿಗೆ ಮರೆ, ಗಾಳಿಗೆ ದಾರಿ: ಹೊರಗೆ ದುಡಿಯುವ ಉಪಕರಣಗಳಿಗೆ ನಾಲ್ಕು ಬಗೆಯ ನೆರಳು

ಬಯಲಿನಲ್ಲಿ ಟ್ರೈಪಾಡ್ ಮೇಲೆ ಕ್ಯಾಮೆರಾ ನಿಲ್ಲಿಸಿ, ನಿಮಿಷಕ್ಕೆ ಎರಡರಂತೆ ಬೆಳಗಿನಿಂದ ಸಂಜೆಯವರೆಗೆ ಚಿತ್ರಗಳನ್ನು ತೆಗೆದು, ಅವನ್ನು ಕೇಬಲ್ ಮೂಲಕ ಕೂಡಲೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಕ್ಯಾಮೆರಾ, ಲ್ಯಾಪ್‌ಟಾಪ್, ಫೋನ್ ಮತ್ತು ಪವರ್ ಬ್ಯಾಂಕ್ ಎಂಟು ಗಂಟೆ ಹೊರಗೇ ಇರಬೇಕು. ಮೊದಮೊದಲು ಬಿಳಿಯ ಟವೆಲ್ ಹೊದಿಸಿ ಕಾಲ ತಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಫೋನು ಬಿಸಿಯಾಗಿದೆ ಎಂಬ ಎಚ್ಚರಿಕೆ ತೋರಿಸಿ ಕೆಲಸ ನಿಲ್ಲಿಸಿತು. ಅದೇ ಹೊತ್ತಿಗೆ ಲ್ಯಾಪ್‌ಟಾಪ್ ತೆರೆಯ ಒಂದು ಮೂಲೆ ಶಾಯಿ ಚೆಲ್ಲಿದಂತೆ ಕಪ್ಪಾಗಿ, ನೆರಳಿಗೆ ಎತ್ತಿಟ್ಟ ಮೇಲೆ ನಿಧಾನವಾಗಿ ತಿಳಿಯಾಯಿತು. ತೆರೆಯೊಳಗಿನ ಲಿಕ್ವಿಡ್ ಕ್ರಿಸ್ಟಲ್ ಒಂದು ಮಿತಿಗಿಂತ ಹೆಚ್ಚು ಕಾದರೆ ತನ್ನ ಜೋಡಣೆಯನ್ನು ಕಳೆದುಕೊಂಡು ಬರಿಯ ದ್ರವದಂತಾಗುತ್ತದೆ, ಆರಿದಾಗ ಮತ್ತೆ ಸರಿಯಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೂ ಎದೆ ಧಸಕ್ಕೆಂದಿತು. ಅದಾದ ಮೇಲೆ ಒಂದು ಬೇಸಿಗೆ ಪೂರ್ತಿ, ಅಳವಡಿಕೆಯನ್ನು ಬದಲಿಸಬಹುದಾದ ನಾಲ್ಕು ಬಗೆಯ ಮರೆಗಳನ್ನು ಒಂದೊಂದಾಗಿ ಬಳಸಿ ನೋಡಿದೆ.

ಹೋಲಿಕೆಗೆ ಮೊದಲು ಬಿಸಿಲಿನ ಲೆಕ್ಕವನ್ನು ಸ್ವಲ್ಪ ನೋಡುವುದು ಒಳ್ಳೆಯದು. ಮೋಡವಿಲ್ಲದ ನಡುಹಗಲಿನಲ್ಲಿ ಬಿಸಿಲು ನೇರವಾಗಿ ಬೀಳುವ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವಾಟ್ ಶಕ್ತಿ ಬರುತ್ತದೆ. 33 ಸೆಂಟಿಮೀಟರ್ ಉದ್ದ, 23 ಸೆಂಟಿಮೀಟರ್ ಅಗಲದ ಲ್ಯಾಪ್‌ಟಾಪಿನ ಪಾಲಿಗೆ ಅದರಲ್ಲಿ ಸುಮಾರು 75 ವಾಟ್ ಬರುತ್ತದೆ, ಮೈ ಕಪ್ಪಾಗಿದ್ದರೆ ಬಹುಪಾಲು ಒಳಕ್ಕೇ ಇಳಿಯುತ್ತದೆ. ಹಗುರವಾದ ಕೆಲಸ ಮಾಡುವಾಗ ಅದೇ ಯಂತ್ರ ತಾನಾಗಿ ಹುಟ್ಟಿಸುವ ಬಿಸಿ 10ರಿಂದ 15 ವಾಟ್ ಅಷ್ಟೆ. ಹೀಗಾಗಿ ಬಿಸಿಲಿನಲ್ಲಿಟ್ಟ ಲ್ಯಾಪ್‌ಟಾಪಿನ ಫ್ಯಾನು ತನ್ನ ಮನೆಯ ಕಸಕ್ಕಿಂತ ಬೀದಿಯ ಕಸವನ್ನೇ ಹೆಚ್ಚು ಗುಡಿಸುತ್ತಿರುತ್ತದೆ. ಐಫೋನ್ ಬಳಸುವಾಗ ಸುತ್ತಲಿನ ಗಾಳಿ 35 ಡಿಗ್ರಿ ಸೆಲ್ಸಿಯಸ್ ದಾಟಬಾರದೆಂದು ಆಪಲ್ ಸ್ವತಃ ಹೇಳುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಬರಿಯ ಬಿಸಿಲಿಗೆ ಒಡ್ಡಿದ ಕಪ್ಪು ವಸ್ತು ಈ ಗಡಿಗಳನ್ನು ದಾಟಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಇನ್ನು ಕಣ್ಣಿನ ಕಷ್ಟ ಬೇರೆ. ಪೂರ್ತಿ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್‌ನಷ್ಟು ಬೆಳಕು ಸುರಿಯುತ್ತದೆ. ತೆರೆಯು ಅದರಲ್ಲಿ ನೂರಕ್ಕೆ ಒಂದು ಪಾಲನ್ನು ಮಾತ್ರ ಚದುರಿಸಿ ಹಿಂದಕ್ಕೆ ಕಳಿಸಿದರೂ ಅದು 300 ನಿಟ್ (ತೆರೆಯ ಹೊಳಪನ್ನು ಅಳೆಯುವ ಮಾನ) ದಾಟುತ್ತದೆ. ಸಾಧಾರಣ ಲ್ಯಾಪ್‌ಟಾಪಿನ ತೆರೆ ತನ್ನ ಪೂರ್ಣ ಪ್ರಕಾಶದಲ್ಲಿ ಬೆಳಗುವುದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಮರೆಯೊಂದು ಎರಡು ಕೆಲಸ ಮಾಡಬೇಕು: ಯಂತ್ರದ ಮೈಗೆ ಕಾವು ತಗಲದಂತೆ ನೋಡಿಕೊಳ್ಳಬೇಕು, ತೆರೆಗೆ ಬೆಳಕು ಬೀಳದಂತೆ ತಡೆಯಬೇಕು. ತಂಪಿಗೆ ಸುತ್ತಲೂ ತೆರೆದಿರಬೇಕು, ಕಣ್ಣಿಗೆ ಸುತ್ತಲೂ ಮುಚ್ಚಿರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಿರುವ ಈ ಜಗಳವನ್ನು ಯಾವ ಮರೆ ಹೇಗೆ ಬಗೆಹರಿಸುತ್ತದೆ ಎಂಬುದನ್ನೇ ನಾನು ಮುಖ್ಯವಾಗಿ ಗಮನಿಸಿದೆ. ಉಷ್ಣಮಾಪಕ ಇಟ್ಟು ಅಳೆಯಲಿಲ್ಲ; ಯಂತ್ರದ ಮೈಮೇಲೆ ಅಂಗೈಯಿಟ್ಟು ಹತ್ತು ಎಣಿಸುವವರೆಗೆ ತಡೆಯಲು ಆಗುತ್ತದೆಯೇ, ಫ್ಯಾನಿನ ಸದ್ದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಇವೇ ನನ್ನ ಅಳತೆಗೋಲುಗಳಾಗಿದ್ದವು.

ಮೊದಲು ಕೈಗೆತ್ತಿಕೊಂಡಿದ್ದು ಮಡಚುವ ಹುಡ್. ಒಳಮೈ ಕಪ್ಪು ಬಟ್ಟೆಯ, ಮುಂಭಾಗ ತೆರೆದ ಪೆಟ್ಟಿಗೆಯಂಥ ಇದು ಚಪ್ಪಟೆಯಾಗಿ ಮಡಚಿಕೊಂಡು ಚೀಲದಲ್ಲಿ ಕೂರುತ್ತದೆ. ಬಿಡಿಸಿ ಒಳಗೆ ಲ್ಯಾಪ್‌ಟಾಪ್ ಇಟ್ಟರೆ ಆಯಿತು. ಮೇಲಿನ ಸೂರನ್ನು ಮುಂದಕ್ಕೆ ಎಳೆದುಕೊಳ್ಳಬಹುದು, ಹಿಂದಿನ ಗೋಡೆಯಲ್ಲಿ ಕೇಬಲಿಗೆಂದು ಒಂದು ಕಿಂಡಿಯಿದೆ. ತೆರೆಯ ಮಟ್ಟಿಗೆ ಇದರ ಮುಂದೆ ಉಳಿದ ಮೂರೂ ಸಪ್ಪೆ. ಚಿತ್ರದ ಕತ್ತಲ ಭಾಗಗಳಲ್ಲಿರುವ ವಿವರಗಳನ್ನು ನಡುಹಗಲಿನಲ್ಲೂ ಬಿಡಿಬಿಡಿಯಾಗಿ ನೋಡಲು ಸಾಧ್ಯವಾದದ್ದು ಇದರೊಳಗೆ ಮಾತ್ರ. ಮರೆಯು ಯಂತ್ರಕ್ಕೇ ಅಂಟಿಕೊಂಡಿರುವುದರಿಂದ ನೆರಳು ಜಾರಿಹೋಗುವ ತೊಂದರೆಯೂ ಇಲ್ಲ. ಆದರೆ ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಫ್ಯಾನಿನ ಸದ್ದು ಏರಿತು, ಏರಿದ್ದು ಇಳಿಯಲೇ ಇಲ್ಲ. ನನ್ನ ಲ್ಯಾಪ್‌ಟಾಪ್ ಬಿಸಿಗಾಳಿಯನ್ನು ಹಿಂದಿನ ಕೀಲಿನ ಕಡೆಯಿಂದ ಹೊರದೂಡುತ್ತದೆ. ಹುಡ್‌ನ ಹಿಂದಿನ ಗೋಡೆ ಅದನ್ನು ತಡೆದು ಮತ್ತೆ ಒಳಗೇ ತಿರುಗಿಸುತ್ತದೆ. ಮೇಲಿನ ಬಟ್ಟೆಯೋ ಬಿಸಿಲು ಕುಡಿದು ತಾನೇ ಒಲೆಯಾಗುತ್ತದೆ. ಕೈ ಒಳಗಿಟ್ಟರೆ ಬೆರಳುಗಳ ಹಿಂಭಾಗಕ್ಕೆ ಆ ಧಗೆ ನೇರವಾಗಿ ತಾಗುತ್ತದೆ. ಹಿಂದಿನ ಕಿಂಡಿಯನ್ನು ಪೂರ್ತಿ ತೆರೆದಿಟ್ಟಾಗ ಗಾಳಿ ಸ್ವಲ್ಪ ಆಡಿತು, ಆದರೆ ಸೂರ್ಯ ಹಿಂದಕ್ಕೆ ಸರಿದ ಹೊತ್ತಿನಲ್ಲಿ ಅದೇ ಕಿಂಡಿಯಿಂದ ಬಿಸಿಲಿನ ಕೋಲೊಂದು ನುಗ್ಗಿ ಕೀಲಿಮಣೆಯ ಮೇಲೆ ಬಿತ್ತು. ಸಂಜೆಯ ಓರೆ ಬಿಸಿಲು ಮುಂದಿನ ಬಾಯಿಯಿಂದಲೇ ಬರುವಂತಿದ್ದರೆ ಮೇಜನ್ನೇ ತಿರುಗಿಸಬೇಕು. ಹೊಂದಿಸಿಕೊಳ್ಳಬಹುದಾದ ಸೂರು ಎಂಬ ಮಾತು ಅಲ್ಲಿಗೆ ಮುಗಿಯುತ್ತದೆ.

ಎರಡನೆಯದು ಹಿಡಿಕೆಯಲ್ಲಿ ಕ್ಲ್ಯಾಂಪ್ ಇರುವ ಛತ್ರಿ. ಹೊರಗೆ ಬೆಳ್ಳಿಬಣ್ಣದ ಲೇಪ, ಒಳಗೆ ಕಪ್ಪು ಬಟ್ಟೆ, ಎರಡು ಕಡೆ ಬಾಗುವ ಕೀಲು. ಬೇಕಾದ ಕಡೆಗೆ ವಾಲಿಸಿ ತಿರುಪು ಬಿಗಿಮಾಡಲು ಅರ್ಧ ನಿಮಿಷ ಸಾಕು. ಗಾಳಿ ಸುತ್ತಲೂ ಆಡುವುದರಿಂದ ಯಂತ್ರದ ಮೈ ಅಂಗೈಗೆ ಹಿತವಾಗಿಯೇ ಇತ್ತು. ಇದರ ಒಂದು ಸೂಕ್ಷ್ಮ ಬೇಗ ಗಮನಕ್ಕೆ ಬರುವುದಿಲ್ಲ. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಸೂರ್ಯ ನೆತ್ತಿಯ ಹತ್ತಿರ ಇರುವಾಗ, ಮೇಜಿನಿಂದ ಒಂದು ಮೀಟರ್ ಎತ್ತರದಲ್ಲಿರುವ ಮರೆಯ ನೆರಳು ಗಂಟೆಯೊಂದರಲ್ಲಿ ಸುಮಾರು 27 ಸೆಂಟಿಮೀಟರ್ ಜರುಗುತ್ತದೆ. ಸೂರ್ಯ ಇಳಿದಂತೆ ಅದರ ಓಟ ಇನ್ನೂ ಹೆಚ್ಚು. ಒಂದು ಮೀಟರ್ ಅಗಲದ ಛತ್ರಿಯ ದುಂಡು ನೆರಳಿನ ಅಂಚಿನಲ್ಲಿಟ್ಟ ಪವರ್ ಬ್ಯಾಂಕ್ ನೋಡನೋಡುತ್ತಿದ್ದಂತೆ ಬಿಸಿಲಿಗೆ ಬಂದಿರುತ್ತದೆ. ನಾನು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಛತ್ರಿ ತಿರುಗಿಸುವ ಕೆಲಸದವನಾದೆ.

ಗಾಳಿಯ ಪಾಡು ಅದಕ್ಕಿಂತ ದೊಡ್ಡದು. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಎದುರಾದ ಪ್ರತಿ ಚದರ ಮೀಟರಿಗೆ ಸುಮಾರು 60 ನ್ಯೂಟನ್ ಬಲ ಹಾಕುತ್ತದೆ. ಒಂದು ಮೀಟರ್ ಅಗಲದ ಛತ್ರಿಯ ಲೆಕ್ಕದಲ್ಲಿ ಅದು ಐದು ಕಿಲೋ ತೂಕವನ್ನು ಅಡ್ಡಡ್ಡ ಕಟ್ಟಿ ಎಳೆದಷ್ಟಾಯಿತು. ಮೊದಲ ದಿನ ನಾನು ಛತ್ರಿಯನ್ನು ಕ್ಯಾಮೆರಾದ ಟ್ರೈಪಾಡಿಗೇ ಕಚ್ಚಿಸಿದ್ದೆ. ಟ್ರೈಪಾಡ್ ಉರುಳಲಿಲ್ಲ, ನಡುವಿನ ಕೊಕ್ಕೆಗೆ ಮರಳಿನ ಚೀಲ ತೂಗುಬಿಟ್ಟಿದ್ದೆ. ಆದರೆ ಸಂಜೆ ಚಿತ್ರಗಳನ್ನು ಸಾಲಾಗಿ ಓಡಿಸಿ ನೋಡಿದಾಗ ಇಡೀ ದೃಶ್ಯ ಚಳಿ ಹಿಡಿದವರಂತೆ ನಡುಗುತ್ತಿತ್ತು. ಛತ್ರಿಯ ಒಂದೊಂದು ಕಡ್ಡಿಯ ಅದುರಾಟವೂ ಹಿಡಿಕೆಯ ಮೂಲಕ ಕ್ಯಾಮೆರಾಕ್ಕೆ ಇಳಿದು ಹೋಗಿತ್ತು, ಒಂದು ಹಗಲಿನ ಕೆಲಸ ಹಾಳಾಯಿತು. ನೆರಳು ಯಾವುದೇ ಇರಲಿ, ಅದಕ್ಕೆ ಬೇರೆಯದೇ ಸ್ಟ್ಯಾಂಡ್ ಇರಬೇಕು ಎಂಬುದನ್ನು ಅಂದು ಕಲಿತೆ.

ಮೂರನೆಯದಾದ ನಾಲ್ಕು ಕಾಲಿನ ಬಟ್ಟೆಯ ಚಪ್ಪರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲುಗಳ ಎತ್ತರವನ್ನು ಬೇರೆ ಬೇರೆ ಮಾಡಿ ಸೂರನ್ನು ಒಂದು ಕಡೆಗೆ ಇಳಿಜಾರಾಗಿಸಬಹುದು, ಪಕ್ಕಕ್ಕೆ ಪರದೆ ಇಳಿಬಿಡಬಹುದು. ಉಪಕರಣಕ್ಕೂ ಮನುಷ್ಯನಿಗೂ ಒಟ್ಟಿಗೆ ನೆರಳು ಕೊಡುವುದು ಇದೊಂದೇ, ಎಂಟು ಗಂಟೆಯ ಕೆಲಸದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಹಾಕಲು ಇಬ್ಬರು ಬೇಕು, ಗೂಟ ಬಡಿಯಲು ನೆಲ ಬೇಕು. ಬಟ್ಟೆಯ ಬದಲು ಶೇಡ್ ನೆಟ್ ಕಟ್ಟಿದರೆ ಗಾಳಿಯ ಹೊಡೆತ ಕಡಿಮೆಯಾಗುತ್ತದೆ, ನಿಜ. ಆದರೆ 75 ಪ್ರತಿಶತದ ನೆಟ್ ಎಂದರೆ ಕಾಲು ಭಾಗ ಬಿಸಿಲು ಒಳಗೆ ಬಂದೇ ಬರುತ್ತದೆ. ಸಸಿಗಳಿಗೆ ಅದು ಹಿತ, ತೆರೆಗೆ ಅಲ್ಲ. ಬಟ್ಟೆಯ ಚಪ್ಪರದ ಕೆಳಗೂ ಪಕ್ಕದ ಆಕಾಶದ ಬೆಳಕು ಧಾರಾಳವಾಗಿ ಬರುವುದರಿಂದ ತೆರೆಯ ಪ್ರಕಾಶವನ್ನು ಪೂರ್ತಿ ಏರಿಸಿಯೇ ಇಡಬೇಕಾಯಿತು, ಬ್ಯಾಟರಿ ಅಷ್ಟೇ ಬೇಗ ಇಳಿಯಿತು.

ನಾಲ್ಕನೆಯದನ್ನು ನಾನೇ ಜೋಡಿಸಿಕೊಂಡೆ. 60 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಎರಡು ಬಿಳಿಯ ಟೊಳ್ಳು ಪ್ಲಾಸ್ಟಿಕ್ ಹಲಗೆಗಳು, ನಡುವೆ ಎರಡು ಬೆರಳಿನಷ್ಟು ಸಂದು, ಕೆಳಗಿನದರ ಒಳಮೈಗೆ ಮಾತ್ರ ಕಪ್ಪು ಬಣ್ಣ. ಇವೆರಡನ್ನೂ ಎತ್ತ ಬೇಕಾದರೂ ವಾಲುವ ಗುಂಡುಕೀಲಿನ ತೋಳಿಗೆ ಸಿಕ್ಕಿಸಿ, ಪ್ರತ್ಯೇಕ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದು. ಎರಡು ಪದರದ ಯೋಚನೆ ಹೊಸದೇನೂ ಅಲ್ಲ. ಹವಾಮಾನ ಕೇಂದ್ರಗಳಲ್ಲಿ ಉಷ್ಣಮಾಪಕಗಳನ್ನು ಇಡುವ ಬಿಳಿಯ ಪೆಟ್ಟಿಗೆ, ಹತ್ತೊಂಬತ್ತನೆಯ ಶತಮಾನದ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ ಅವರ ಹೆಸರು ಹೊತ್ತಿರುವಂಥದ್ದು, ಇದೇ ತತ್ತ್ವದ ಮೇಲೆ ನಿಂತಿದೆ: ಹೊರಪದರ ಬಿಸಿಲಿನ ಪೆಟ್ಟು ತಿನ್ನುತ್ತದೆ, ಸಂದಿನ ಗಾಳಿ ಆ ಕಾವನ್ನು ಹೊತ್ತೊಯ್ಯುತ್ತದೆ, ಒಳಪದರ ತಣ್ಣಗಿರುತ್ತದೆ. ಛತ್ರಿಯ ಒಳಬಟ್ಟೆಗೆ ಅಂಗೈ ಒತ್ತಿದಾಗ ಆದ ಬಿಸಿಯ ಅನುಭವ ಈ ಕೆಳಹಲಗೆಯಲ್ಲಿ ಆಗಲಿಲ್ಲ.

ಹಲಗೆಯನ್ನು ಯಂತ್ರದ ಮೇಲೆ ಎಷ್ಟು ಎತ್ತರದಲ್ಲಿ ಇಡಬೇಕೆಂಬುದನ್ನು ಗೊತ್ತುಮಾಡಲು ಹಲವು ದಿನ ಹಿಡಿಯಿತು. ನಾಲ್ಕು ಬೆರಳಿನಷ್ಟು ಅಂತರದಲ್ಲಿ ಇಟ್ಟರೆ ನೆರಳು ಕದಲುವುದಿಲ್ಲ, ಆದರೆ ಗಾಳಿ ಕಟ್ಟುತ್ತದೆ, ತೆರೆಯನ್ನು ಎತ್ತಿ ನಿಲ್ಲಿಸಲೂ ಆಗುವುದಿಲ್ಲ. ಮೊಳದಷ್ಟು ಮೇಲಿಟ್ಟರೆ ತಂಪು, ಆದರೆ ನೆರಳು ಛತ್ರಿಯದರಂತೆ ಓಡತೊಡಗುತ್ತದೆ. ಎತ್ತಿದ ತೆರೆಯ ಮೇಲಂಚಿನಿಂದ ಮೂರು ಬೆರಳು, ಕ್ಯಾಮೆರಾದ ಮೇಲಾದರೆ ಒಂದು ಗೇಣು ಎಂಬ ಲೆಕ್ಕಕ್ಕೆ ಕೊನೆಗೆ ಬಂದು ನಿಂತೆ. ಒಂದು ಗೇಣು, ಅಂದರೆ ಸುಮಾರು 22 ಸೆಂಟಿಮೀಟರ್ ಅಂತರದಲ್ಲಿ ನೆರಳು ಗಂಟೆಗೆ ಆರು ಸೆಂಟಿಮೀಟರ್ ಮಾತ್ರ ಸರಿಯುತ್ತದೆ. ಹಲಗೆಯು ಸುತ್ತಲೂ 11 ಸೆಂಟಿಮೀಟರ್ ಹೊರಚಾಚಿದ್ದರೆ ಒಂದೂಮುಕ್ಕಾಲು ಗಂಟೆ ಅದನ್ನು ಮುಟ್ಟುವ ಅಗತ್ಯವಿಲ್ಲ. ಮರೆ ಕೊಳ್ಳುವವರು ಸಾಮಾನ್ಯವಾಗಿ ಅದು ಎಷ್ಟು ಬಾಗುತ್ತದೆ ಎಂದು ಕೇಳುತ್ತಾರೆ. ಎಷ್ಟು ಮೇಲೆ ಕೆಳಗೆ ಸರಿಯುತ್ತದೆ ಎಂದು ಕೇಳುವುದು ಹೆಚ್ಚು ಉಪಯೋಗದ ಪ್ರಶ್ನೆ ಎಂದು ನನಗೆ ಈಗ ಅನಿಸುತ್ತದೆ.

ವಾಲಿಸುವುದಕ್ಕೆ ಒಂದು ಸುಲಭದ ಉಪಾಯ ಸಿಕ್ಕಿತು. ಮೇಲಿನ ಹಲಗೆಯ ಮೂಲೆಯಲ್ಲಿ ನೆಟ್ಟಗೆ ಒಂದು ಉದ್ದದ ಮೊಳೆ ಚುಚ್ಚಿದ್ದೇನೆ. ಹಲಗೆಯನ್ನು ತಿರುಗಿಸುತ್ತ ಹೋದಂತೆ ಮೊಳೆಯ ನೆರಳು ಗಿಡ್ಡವಾಗುತ್ತ ಬಂದು, ಕೊನೆಗೆ ಮೊಳೆಯ ಬುಡದಲ್ಲೇ ಅಡಗಿಬಿಡುತ್ತದೆ. ಆಗ ಹಲಗೆ ಸೂರ್ಯನಿಗೆ ನೇರ ಎದುರಾಗಿದೆ ಎಂದು ಅರ್ಥ. ಕಣ್ಣು ಕಿರಿದುಮಾಡಿಕೊಂಡು ಸೂರ್ಯನತ್ತ ನೋಡುವ ಕೆಲಸವೇ ಇಲ್ಲ.

ದೋಷಗಳಿಲ್ಲವೆಂದಲ್ಲ. ಮಡಚಲು ಬರುವುದಿಲ್ಲ, ಹೊತ್ತೊಯ್ಯಲು ಮುಜುಗರ. ಗುಂಡುಕೀಲು ಮಧ್ಯಾಹ್ನದ ಹೊತ್ತಿಗೆ ಸಡಿಲಗೊಂಡು ಹಲಗೆ ತೂಕಡಿಸುವವರ ತಲೆಯಂತೆ ನಿಧಾನವಾಗಿ ವಾಲುತ್ತಿತ್ತು; ತೋಳನ್ನು ಹಲಗೆಯ ಅಂಚಿನಿಂದ ನಡುವಿಗೆ ತಂದ ಮೇಲೆ ನಿಂತಿತು. ಇಂಥ ಹಲಗೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನದು. ರಕ್ಷಕ ಬೆರೆಸದೆ ತಯಾರಿಸಿದ್ದಾದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ಬೆಂಡಾಗಿ ಮುರಿಯುತ್ತದೆ. ತೆರೆಯ ವಿಷಯದಲ್ಲಿ ಹುಡ್‌ನಷ್ಟು ಕಪ್ಪು ಇಲ್ಲಿ ಸಿಗುವುದಿಲ್ಲವಾದ್ದರಿಂದ, ತೆರೆಯ ಮೂರು ಅಂಚಿಗೆ ಅಂಗೈ ಅಗಲದ ಕಪ್ಪು ಪಟ್ಟಿಗಳನ್ನು ವೆಲ್ಕ್ರೋದಿಂದ ಅಂಟಿಸಿದೆ. ಹಿಂಭಾಗ ತೆರೆದೇ ಇರುವುದರಿಂದ ಫ್ಯಾನಿಗೆ ತಡೆಯಿಲ್ಲ. ಹೊಳಪಿನ ತೆರೆಯಾದರೆ ನಿಮ್ಮ ಬಿಳಿಯ ಅಂಗಿಯೇ ಅದರಲ್ಲಿ ಪ್ರತಿಫಲಿಸುತ್ತದೆ ಎಂಬುದನ್ನೂ ನೆನಪಿಡಬೇಕು. ಮೈ ಬೆವರಿದರೂ ನಾನು ಕಡುಬಣ್ಣದ್ದನ್ನೇ ತೊಡುತ್ತೇನೆ.

ಮಿನುಗುವ ಅಲ್ಯೂಮಿನಿಯಂ ಲೇಪದ ಹಾಳೆಯನ್ನೂ ನಡುವೆ ಎರಡು ದಿನ ಪ್ರಯತ್ನಿಸಿದೆ. ಬಿಸಿಲನ್ನು ಅದು ಚೆನ್ನಾಗಿಯೇ ಹಿಂದಿರುಗಿಸುತ್ತದೆ, ಆದರೆ ಯಂತ್ರಕ್ಕೆ ನೇರವಾಗಿ ಹೊದಿಸಿದರೆ ಒಳಗಿನ ಬಿಸಿಯನ್ನೂ ಹೊರಗೆ ಬಿಡುವುದಿಲ್ಲ. ಗಾಳಿಗೆ ಅದರ ಪರಪರ ಸದ್ದು ಬೇರೆ. ಕ್ಯಾಮೆರಾದ ವಿಚಾರದಲ್ಲಿ, ಲೆನ್ಸಿನ ತುದಿಯ ಹುಡ್ ಓರೆ ಬೆಳಕನ್ನು ತಡೆಯುವುದಕ್ಕೇ ಹೊರತು ಕ್ಯಾಮೆರಾದ ಮೈ ಕಾಯಲು ಅಲ್ಲ. ಕ್ಯಾನನ್ ತನ್ನ ದೊಡ್ಡ ಟೆಲಿಫೋಟೊ ಲೆನ್ಸುಗಳಿಗೆ ಬಿಳಿಯ ಹೊರಮೈ ಕೊಡುವುದು ಕಾವು ತಡೆಯಲೆಂದೇ. ಎಲೆಕ್ಟ್ರಾನಿಕ್ ವ್ಯೂಫೈಂಡರಿನ ಕಣ್ಣುಗಾಜಿನಿಂದ ಬಿಸಿಲು ಒಳಹೊಕ್ಕರೆ ಅದರ ಮಸೂರವೇ ಭೂತಗನ್ನಡಿಯಾಗಿ ಒಳಗಿನ ಪುಟ್ಟ ತೆರೆಯನ್ನು ಸುಡಬಲ್ಲದು, ಆದ್ದರಿಂದ ಅದಕ್ಕೊಂದು ಮುಚ್ಚಳ ಯಾವಾಗಲೂ ಇರಲಿ.

ಒಂದು ಗಂಟೆಯೊಳಗಿನ ಕೆಲಸ, ಗಾಳಿಯಿಲ್ಲದ ದಿನ, ಕೈಯಲ್ಲಿ ಬಿಡುವು ಇದ್ದರೆ ಛತ್ರಿ ಸಾಕು. ಜೊತೆಗೆ ಜನರಿದ್ದು, ಒಂದೇ ಕಡೆ ದಿನಗಟ್ಟಲೆ ಕೂರುವುದಾದರೆ ಚಪ್ಪರ. ಒಬ್ಬನೇ ಹೋಗಿ ಹಗಲಿಡೀ ಯಂತ್ರವನ್ನು ಅದರ ಪಾಡಿಗೆ ಬಿಡಬೇಕಾದ ನನ್ನಂಥವರಿಗೆ ಹಲಗೆಯೇ ಸರಿ. ಪವರ್ ಬ್ಯಾಂಕನ್ನು ಕಾದ ನೆಲದ ಮೇಲಿಡದೆ ಅದೇ ಸ್ಟ್ಯಾಂಡಿನ ನೆರಳಿನ ಬದಿಗೆ ಜಾಲರಿ ಚೀಲದಲ್ಲಿ ತೂಗುಹಾಕುತ್ತೇನೆ. ಹುಡ್ ಅನ್ನು ಎಸೆದಿಲ್ಲ. ಬೆಳಿಗ್ಗೆ ಫೋಕಸ್ ಸರಿಯಿದೆಯೇ ಎಂದು ಪರೀಕ್ಷಿಸುವ ಎರಡು ನಿಮಿಷಕ್ಕೆ ಅದನ್ನು ಬಿಡಿಸಿ ಲ್ಯಾಪ್‌ಟಾಪಿನ ಮೇಲೆ ಕವುಚುತ್ತೇನೆ, ತಲೆಯನ್ನು ಒಳಗೆ ತೂರಿಸಿ ನೋಡುತ್ತೇನೆ, ಫ್ಯಾನು ಎಚ್ಚರಗೊಳ್ಳುವ ಮೊದಲೇ ತೆಗೆದು ಮಡಚಿಡುತ್ತೇನೆ.