ಮೊದಲ ಓವರ್‌ಕ್ಲಾಕ್‌ಗೆ ಯಾವ ದಾರಿ? ಆಟೋ ಬಟನ್, ಫಿಕ್ಸೆಡ್ ಮಲ್ಟಿಪ್ಲೈಯರ್, ಕರ್ವ್ ಆಪ್ಟಿಮೈಸರ್

ಎಎಂಡಿ ರೈಜನ್ 7 5800ಎಕ್ಸ್‌ನಂಥ ಎಂಟು ಕೋರಿನ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು, ಅಂದರೆ ಕಾರ್ಖಾನೆಯ ನಿಗದಿಗಿಂತ ವೇಗವಾಗಿ ಓಡಿಸಲು, ಮೂರು ದಾರಿಗಳಿವೆ. ಮದರ್‌ಬೋರ್ಡಿನಲ್ಲೇ ಬರುವ ಆಟೋ ಓವರ್‌ಕ್ಲಾಕ್ ಒಂದು. ಎಲ್ಲ ಕೋರ್‌ಗಳಿಗೂ ಒಂದೇ ಮಲ್ಟಿಪ್ಲೈಯರ್ (ಮೂಲ ಗಡಿಯಾರವನ್ನು ಗುಣಿಸಿ ವೇಗ ಕೊಡುವ ಅಂಕಿ), ಒಂದೇ ವೋಲ್ಟೇಜ್ ಕೂರಿಸುವುದು ಇನ್ನೊಂದು. ಪಿಬಿಒ (ಪ್ರಿಸಿಶನ್ ಬೂಸ್ಟ್ ಓವರ್‌ಡ್ರೈವ್, ಚಿಪ್ಪಿನ ವಿದ್ಯುತ್ ಮಿತಿ ಬದಲಿಸುವ ಎಎಂಡಿ ಸೌಲಭ್ಯ) ಜೊತೆ ಕರ್ವ್ ಆಪ್ಟಿಮೈಸರ್ ಬಳಸುವುದು ಮೂರನೆಯದು. ಅದೇ ಬೋರ್ಡು, ಅದೇ ಕೂಲರ್ ಮೇಲೆ ಮೂರನ್ನೂ ಓಡಿಸಿ ನೋಡಿದರೆ ಹೊಸಬರಿಗೆ ಮೂರನೆಯದೇ ಹೊಂದುತ್ತದೆ. ಆದರೆ ಅದು ಕೈಕೊಡುವ ರೀತಿಯೇ ಬೇರೆ. ಆ ರೀತಿ ತಿಳಿಯದವರು ತಿಂಗಳುಗಟ್ಟಲೆ ಪವರ್ ಸಪ್ಲೈಯನ್ನೋ ವಿಂಡೋಸನ್ನೋ ಬೈಯುತ್ತಾ ಕೂರುತ್ತಾರೆ.

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಬಯಾಸ್ (ಮದರ್‌ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಡಿಫಾಲ್ಟ್ ಸೆಟ್ಟಿಂಗ್‌ನಲ್ಲೇ ಸಿನೆಬೆಂಚ್ ಆರ್23 ಎಂಬ ವೇಗ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ. ಸ್ಕೋರ್, ತಾಪಮಾನ, ವೋಲ್ಟೇಜ್ ಮೂರನ್ನೂ ಬರೆದಿಟ್ಟುಕೊಳ್ಳಿ. ಎಚ್‌ಡಬ್ಲ್ಯು ಇನ್ಫೋ ಎಂಬ ಸಾಫ್ಟ್‌ವೇರ್ ತಾಪಮಾನ, ವೋಲ್ಟೇಜ್ ತೋರಿಸುತ್ತದೆ. ಡಿಫಾಲ್ಟ್‌ನಲ್ಲೇ 90 ಡಿಗ್ರಿ ಮುಟ್ಟಿದರೆ ಓವರ್‌ಕ್ಲಾಕ್ ಮಾತು ಅಲ್ಲಿಗೇ ಬಿಡಿ, ಮೊದಲು ಕೂಲರನ್ನೂ ಥರ್ಮಲ್ ಪೇಸ್ಟನ್ನೂ ನೋಡಿ. ರ‍್ಯಾಮ್‌ನ ಎಕ್ಸ್‌ಎಂಪಿಯನ್ನು (ಅದರ ವೇಗ ಏರಿಸುವ ಪ್ರೊಫೈಲ್) ಸದ್ಯಕ್ಕೆ ಆಫ್ ಮಾಡಿಡಿ; ರ‍್ಯಾಮ್ ತಪ್ಪಿದರೂ ಪ್ರೊಸೆಸರ್ ತಪ್ಪಿದರೂ ಬರುವ ನೀಲಿ ಪರದೆ ಒಂದೇ. ಮುಖ್ಯ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ, ಏಕೆಂದರೆ ಅಸ್ಥಿರ ಪ್ರೊಸೆಸರ್ ಸದ್ದಿಲ್ಲದೆ ಫೈಲ್ ಕೆಡಿಸಬಲ್ಲದು. ಬಯಾಸ್ ಸೆಟ್ಟಿಂಗ್‌ಗಳನ್ನು ಡಿಫಾಲ್ಟ್‌ಗೆ ತರುವ ಕ್ಲಿಯರ್ ಸಿಮಾಸ್ ಜಂಪರ್ ಬೋರ್ಡಿನಲ್ಲಿ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಓವರ್‌ಕ್ಲಾಕ್‌ನಿಂದಾದ ಹಾನಿಗೆ ವಾರಂಟಿ ಸಿಗುವುದಿಲ್ಲ. ಪಿಬಿಒ ಕೂಡ ಓವರ್‌ಕ್ಲಾಕ್ ಲೆಕ್ಕಕ್ಕೇ ಬರುತ್ತದೆ.

ಆಟೋ ಬಟನ್

ಒತ್ತುವುದು ಸುಲಭ, ಅಷ್ಟೇ. ಆ ಮಾದರಿಯ ಅತಿ ದುರ್ಬಲ ಚಿಪ್ ಕೂಡ ಓಡಬೇಕಲ್ಲ, ಅದಕ್ಕೇ ಬೋರ್ಡು ವೋಲ್ಟೇಜನ್ನು ಧಾರಾಳವಾಗಿ ಸುರಿಯುತ್ತದೆ. ಶಾಖ ಏರಿದಷ್ಟು ವೇಗ ಏರುವುದಿಲ್ಲ. ಪಿಬಿಒವನ್ನು ಬರೇ "ಎನೇಬಲ್ಡ್" ಮಾಡಿದರೂ ಕಥೆ ಬಹುಮಟ್ಟಿಗೆ ಇದೇ: 142 ವ್ಯಾಟ್‌ನ ಮಿತಿ ಹೋಗಿ ಬೋರ್ಡಿನ ದೊಡ್ಡ ಮಿತಿ ಬರುತ್ತದೆ, ಕೂಲರ್ ಉಸಿರು ಬಿಡಲಾಗದೆ ಒದ್ದಾಡುತ್ತದೆ. ಈ ಬಟನ್ ಶಿಫಾರಸು ಮಾಡಲು ಒಂದೂ ಕಾರಣ ಸಿಗುವುದಿಲ್ಲ.

ಫಿಕ್ಸೆಡ್ ಮಲ್ಟಿಪ್ಲೈಯರ್

ಮಲ್ಟಿಪ್ಲೈಯರ್ 45 (ಅಂದರೆ 4.5 ಗಿಗಾಹರ್ಟ್ಸ್), ವೋಲ್ಟೇಜ್ 1.25, ಲೋಡ್‌ಲೈನ್ ಕ್ಯಾಲಿಬ್ರೇಶನ್ (ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ತಡೆಯುವ ಸೆಟ್ಟಿಂಗ್) ನಡುವಿನ ಹಂತ: ಇಲ್ಲಿಂದ ಶುರು ಮಾಡಬಹುದು. ಸಿನೆಬೆಂಚ್ ಅರ್ಧ ಗಂಟೆ ತಡೆದುಕೊಂಡರೆ 45.25ಕ್ಕೆ ಹೋಗಿ, ಮತ್ತೆ ಓಡಿಸಿ. ಹ್ಯಾಂಗ್ ಆದರೆ ವೋಲ್ಟೇಜನ್ನು 0.0125ರಷ್ಟು ಏರಿಸಿ, ಇಲ್ಲವೇ ಒಂದು ಹೆಜ್ಜೆ ಹಿಂದೆ ಬನ್ನಿ. 1.3 ದಾಟಬೇಡಿ. ಡಿಫಾಲ್ಟ್‌ನಲ್ಲಿ 1.45 ವೋಲ್ಟ್ ಕಾಣುತ್ತಿತ್ತಲ್ಲ ಎಂದು ಅದನ್ನೇ ಕೂರಿಸುವವರಿದ್ದಾರೆ. ಆ ಅಂಕಿ ಒಂದೆರಡು ಕೋರ್ ಮಾತ್ರ ಕರೆಂಟ್ ಎಳೆಯುವಾಗಿನದು. ಎಂಟೂ ಕೋರ್ ದುಡಿಯುವಾಗ ಅದೇ ವೋಲ್ಟೇಜ್ ಕೊಟ್ಟರೆ ಚಿಪ್ಪಿನ ಆಯುಷ್ಯ ಸವೆಯುತ್ತದೆ. ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಅಷ್ಟೇ ಇಟ್ಟು 1.25ರಿಂದ 1.35ಕ್ಕೆ ಹೋದರೂ ಸುಮಾರು ಶೇ. 17 ಹೆಚ್ಚು ವ್ಯಾಟ್. ಲೋಡ್‌ಲೈನನ್ನು ತುತ್ತತುದಿಗೆ ಇಟ್ಟರೆ ಲೋಡ್ ತಟ್ಟನೆ ಇಳಿದಾಗ ವೋಲ್ಟೇಜ್ ನೆಗೆಯುತ್ತದೆ, ಅದು ಸಾಫ್ಟ್‌ವೇರ್‌ನಲ್ಲಿ ಕಾಣುವುದೂ ಇಲ್ಲ.

ಈ ದಾರಿಯ ದೊಡ್ಡ ನಷ್ಟ ಬೇರೆಯದು. ಎಲ್ಲ ಕೋರ್ 4.5ರಲ್ಲಿ ನಿಂತರೆ ಒಂಟಿ ಕೋರ್ ತಾನಾಗಿ ಮುಟ್ಟುತ್ತಿದ್ದ 4.7 ಗಿಗಾಹರ್ಟ್ಸ್ ಬೂಸ್ಟ್ ಹೋಗಿಬಿಡುತ್ತದೆ. ಇಡೀ ದಿನ ವಿಡಿಯೊ ಎನ್‌ಕೋಡ್ ಮಾಡುವವರಿಗೆ ಲಾಭ ಇರಬಹುದು. ಬ್ರೌಸರ್, ಗೇಮ್ ಬಳಸುವವರು ಕೈಯಾರೆ ಕಂಪ್ಯೂಟರನ್ನು ನಿಧಾನ ಮಾಡಿಕೊಂಡಂತೆ.

ಕರ್ವ್ ಆಪ್ಟಿಮೈಸರ್

ಪ್ರತಿ ಕೋರಿಗೂ ಇಷ್ಟು ವೇಗಕ್ಕೆ ಇಷ್ಟು ವೋಲ್ಟೇಜ್ ಎಂಬ ಗೆರೆಯೊಂದನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ಅದನ್ನು ಕೆಳಗಿಳಿಸುವುದಷ್ಟೇ ಇಲ್ಲಿ ನಮ್ಮ ಕೆಲಸ. ಒಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್, ಗರಿಷ್ಠ ಮೈನಸ್ 30. ಉಳಿದ ವ್ಯಾಟನ್ನು ಚಿಪ್ಪು ತಾನೇ ಬೂಸ್ಟಿಗೆ ಹಾಕಿಕೊಳ್ಳುತ್ತದೆ. ಬಯಾಸ್‌ನಲ್ಲಿ ಪಿಬಿಒವನ್ನು ಅಡ್ವಾನ್ಸ್ಡ್‌ಗೆ ಹಾಕಿ, ಮಿತಿಗಳನ್ನು ಕೈಯಿಂದ 142 ವ್ಯಾಟ್ (ಪಿಪಿಟಿ), 95 ಆಂಪ್ (ಟಿಡಿಸಿ), 140 ಆಂಪ್ (ಇಡಿಸಿ) ಎಂದೇ ಇಡಿ; ಇವು ಈ ಚಿಪ್ಪಿನ ಡಿಫಾಲ್ಟ್ ಅಂಕಿಗಳು. ಥರ್ಮಲ್ ಲಿಮಿಟ್ 85. ಗರಿಷ್ಠ ವೇಗಕ್ಕೆ ಕೂಡಿಸುವ ಬೂಸ್ಟ್ ಓವರ್‌ರೈಡ್ ಸೊನ್ನೆ. ಆಮೇಲೆ ಎಲ್ಲ ಕೋರ್‌ಗಳಿಗೂ ಮೈನಸ್ 10.

ಈಗ ಸಿನೆಬೆಂಚ್ ಸ್ಕೋರ್ ಏರಿ, ಗಂಟೆಗಟ್ಟಲೆ ಒಂದೂ ತಪ್ಪಿಲ್ಲದೆ ಓಡುತ್ತದೆ. ಇದನ್ನು ನಂಬಬೇಡಿ. ಎಂಟೂ ಕೋರ್ ದುಡಿಯುವಾಗ ಪ್ರತಿ ಕೋರೂ ತನ್ನ ಗರಿಷ್ಠ ವೇಗಕ್ಕಿಂತ ಕೆಳಗೇ ಇರುತ್ತದೆ, ಅಲ್ಲಿ ವೋಲ್ಟೇಜ್ ಸಾಕಾಗುತ್ತದೆ. ಸಾಕಾಗದಿರುವುದು ಒಂದೇ ಕೋರ್ ಕ್ಷಣಕಾಲ ತುದಿಗೆ ಹಾರಿದಾಗ: ಫೋಲ್ಡರ್ ತೆರೆದಾಗ, ಸ್ಲೀಪ್‌ನಿಂದ ಎದ್ದಾಗ, ಯಾರೂ ಮುಟ್ಟದೆ ಸುಮ್ಮನಿದ್ದಾಗ. ನೀಲಿ ಪರದೆಯೂ ಬಾರದೆ ಕಪ್ಪಾಗಿ ರೀಸ್ಟಾರ್ಟ್ ಆಗುತ್ತದೆ.

ಹಾಗಾಗಿ ಒಂದೊಂದೇ ಕೋರನ್ನು ಕಾಡುವ ಪರೀಕ್ಷೆ ಬೇಕು. ಕೋರ್‌ಸೈಕ್ಲರ್ ಎಂಬ ಉಚಿತ ಸ್ಕ್ರಿಪ್ಟ್ ಪ್ರೈಮ್95 ಎಂಬ ಭಾರಿ ಲೆಕ್ಕದ ಪರೀಕ್ಷೆಯನ್ನು ಕೋರಿನಿಂದ ಕೋರಿಗೆ ದಾಟಿಸುತ್ತದೆ. ಅದರಲ್ಲಿ ಎಸ್‌ಎಸ್‌ಇ ಎಂಬ ಹಗುರ ಲೆಕ್ಕದ ಮೋಡ್ ಆರಿಸಿ. ಎವಿಎಕ್ಸ್‌ನಲ್ಲಿ ಭಾರ ಹೆಚ್ಚಾಗಿ ವೇಗ ಇಳಿಯುತ್ತದೆ, ನಮಗೆ ಬೇಕಾದ ತುದಿ ಸಿಗುವುದಿಲ್ಲ. ರಾತ್ರಿಯಿಡೀ ಬಿಡಿ. ರೀಸ್ಟಾರ್ಟ್ ಆಗಿದ್ದರೆ ವಿಂಡೋಸಿನ ಈವೆಂಟ್ ವ್ಯೂವರ್‌ನ ಸಿಸ್ಟಂ ವಿಭಾಗದಲ್ಲಿ ಡಬ್ಲ್ಯುಎಚ್‌ಇಎ-ಲಾಗರ್‌ನ 18ನೇ ನಂಬರಿನ ಈವೆಂಟ್ ಹುಡುಕಿ. ಅದರಲ್ಲಿ ಎಪಿಐಸಿ ಐಡಿ, ಅಂದರೆ ತಪ್ಪಿದ ಥ್ರೆಡ್ಡಿನ ನಂಬರ್, ಇರುತ್ತದೆ. ಈ ಚಿಪ್ಪಿನಲ್ಲಿ ಕೋರಿಗೆ ಎರಡು ಥ್ರೆಡ್, ಆದ್ದರಿಂದ ಐಡಿಯನ್ನು ಎರಡರಿಂದ ಭಾಗಿಸಿ ಶೇಷ ಬಿಡಿ: 6 ಅಥವಾ 7 ಬಂದರೆ ತಪ್ಪಿದ್ದು ಸೊನ್ನೆಯಿಂದ ಎಣಿಸಿದ 3ನೇ ಕೋರ್. ಅದೊಂದನ್ನೇ ನಾಲ್ಕೈದು ಅಂಕಿ ಸೊನ್ನೆಯ ಕಡೆಗೆ ತನ್ನಿ, ಉಳಿದವು ಹಾಗೇ ಇರಲಿ.

ಎಎಂಡಿಯದೇ ಸಾಫ್ಟ್‌ವೇರ್ ಆದ ರೈಜನ್ ಮಾಸ್ಟರ್ ಉತ್ತಮವೆಂದು ನಕ್ಷತ್ರ ಹಾಕಿ ತೋರಿಸುವ ಕೋರ್‌ಗಳೇ ಬಹುತೇಕ ಮೊದಲು ಬೀಳುವುದು. ಉತ್ತಮ ಕೋರ್ ಹೆಚ್ಚು ತಡೆಯಬೇಕಲ್ಲವೇ ಎನಿಸುತ್ತದೆ. ಆದರೆ ಅವು ಮೊದಲೇ ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ವೇಗಕ್ಕೆ ಓಡುತ್ತಿರುತ್ತವೆ, ಇಳಿಸಲು ಉಳಿದಿರುವುದು ಕಡಿಮೆ. ಮೈನಸ್ 5ರಲ್ಲೇ ನಿಲ್ಲಬಹುದು, ಪಕ್ಕದ ಕೋರ್ ಮೈನಸ್ 25ಕ್ಕೂ ಜಗ್ಗದಿರಬಹುದು.

ಇನ್ನೊಂದು ಮೋಸ: ವೋಲ್ಟೇಜ್ ತೀರಾ ಇಳಿದರೆ ಚಿಪ್ಪು ಕ್ರ್ಯಾಶ್ ಆಗದೆ ಒಳಗೊಳಗೇ ಗಡಿಯಾರ ಎಳೆಯುತ್ತದೆ, ಅಂದರೆ ನಿಜವಾದ ವೇಗ ಇಳಿಸಿಕೊಳ್ಳುತ್ತದೆ. ಪರದೆಯಲ್ಲಿ ವೇಗ ಏರಿದೆ, ಸ್ಕೋರ್ ಇಳಿದಿದೆ. ಎಚ್‌ಡಬ್ಲ್ಯು ಇನ್ಫೋದ ಎಫೆಕ್ಟಿವ್ ಕ್ಲಾಕ್ ಸಾಲನ್ನು ಪೂರ್ತಿ ಲೋಡಿನಲ್ಲಿ ನೋಡಿ. ತೋರಿಕೆಯ ಅಂಕಿಗಿಂತ ಅದು ಬಹಳ ಕೆಳಗಿದ್ದರೆ ಹಿಂದೆ ಬನ್ನಿ.

ಬೇರೆ ಚಿಪ್ಪುಗಳಿಗೆ

ಇಂಟೆಲ್‌ನಲ್ಲಿ ಮಲ್ಟಿಪ್ಲೈಯರ್ ಮುಟ್ಟಲು ಹೆಸರಿನಲ್ಲಿ ಕೆ ಇರುವ ಚಿಪ್ಪೂ ಝಡ್ ಸರಣಿಯ ಬೋರ್ಡೂ ಬೇಕು. 13, 14ನೇ ಪೀಳಿಗೆಯವಾದರೆ 2024ರ 0ಎಕ್ಸ್12ಬಿ ಅಥವಾ ನಂತರದ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸಾಫ್ಟ್‌ವೇರ್) ಇರುವ ಬಯಾಸ್ ಹಾಕದೆ ಏನನ್ನೂ ಬದಲಿಸಬೇಡಿ. ಅತಿ ವೋಲ್ಟೇಜಿನಿಂದ ಚಿಪ್ಪುಗಳೇ ಹಾಳಾದದ್ದಕ್ಕೆ ಬಂದ ತಿದ್ದುಪಡಿ ಅದು. ಎಎಂಡಿಯ ರೈಜನ್ 7 7800ಎಕ್ಸ್3ಡಿಯಲ್ಲಿ ಮಲ್ಟಿಪ್ಲೈಯರ್‌ಗೆ ಬೀಗ, ಕರ್ವ್ ಮಾತ್ರ ತೆರೆದಿದೆ. ಅಂಥ ಚಿಪ್ಪು ಕೂರುವ ಎಎಂ5 ಬೋರ್ಡುಗಳಲ್ಲಿ ಎಸ್‌ಒಸಿ ವೋಲ್ಟೇಜ್ (ಚಿಪ್ಪಿನೊಳಗಿನ ಮೆಮೊರಿ ನಿಯಂತ್ರಕ ಮುಂತಾದವಕ್ಕೆ ಹೋಗುವುದು) 1.3 ಮೀರಬಾರದು.

ಕೊನೆಗೆ ನಿಂತ ಅಂಕಿಗಳನ್ನು ಕಾಗದದಲ್ಲಿ ಬರೆದಿಡಿ. ಬಯಾಸ್ ಅಪ್‌ಡೇಟ್ ಆದರೆ ಸೇವ್ ಮಾಡಿದ ಪ್ರೊಫೈಲ್ ಅಳಿಸಿಹೋಗುವುದುಂಟು. ಅದೇ ಅಂಕಿಗಳನ್ನು ಮತ್ತೆ ಹಾಕಿದ ಮೇಲೂ ಕೋರ್‌ಸೈಕ್ಲರ್ ಒಂದು ರಾತ್ರಿ ಓಡಲಿ.