ವರ್ಟಸ್ ಜಿಟಿ ಮ್ಯಾನ್ಯುಯಲ್, ವರ್ನಾ ಟರ್ಬೊ ಡಿಸಿಟಿ: ಟೆಸ್ಟ್ ಡ್ರೈವಿನಿಂದ ಗಾಡಿ ಫ್ರೀ ಆಗುವವರೆಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಂಡದ್ದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ. 1.5 ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್, ಆರು ಗೇರಿನ ಮ್ಯಾನ್ಯುಯಲ್. ಹಾಗಾಗಿ ಇದು ತಕ್ಕಡಿ ಹಿಡಿದು ತೂಗಿದ ಹೋಲಿಕೆ ಅಲ್ಲ. ಆದರೆ ನಮ್ಮ ಭಾವ ಅದೇ ಸಮಯಕ್ಕೆ ಹ್ಯುಂಡೈ ವರ್ನಾ 1.5 ಟರ್ಬೊ ತಗೊಂಡರು, ಏಳು ಗೇರಿನ ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್. ಎರಡೂ ಕಾರುಗಳನ್ನು ಟೆಸ್ಟ್ ಡ್ರೈವ್‌ನಿಂದ ಹಿಡಿದು ಎಂಜಿನ್ ಫ್ರೀ ಆಗುವವರೆಗೂ (ಹೊಸ ಎಂಜಿನ್ನಿನ ಒಳಭಾಗಗಳು ಪಳಗಿ ಹೊಂದಿಕೊಳ್ಳುವವರೆಗೂ) ನಾನೇ ಸಾಕಷ್ಟು ಓಡಿಸಿದ್ದೇನೆ. ವರ್ಟಸ್ ಪವರ್ 150 ಪಿಎಸ್ (ಹಾರ್ಸ್‌ಪವರ್ ಲೆಕ್ಕ), ವರ್ನಾದ್ದು 160. ಪೋರ್ಷೆ ಇಟ್ಟುಕೊಂಡವರಿಗೆ ನಗು ಬರಬಹುದು. ಎಕ್ಸ್-ಶೋರೂಮ್ ಬೆಲೆ 20 ಲಕ್ಷದೊಳಗೆ ಇರಬೇಕು, ಮನೆಮಂದಿಯೆಲ್ಲ ಕೂರಬೇಕು, ಒತ್ತಿದರೆ ಬೆನ್ನು ಸೀಟಿಗೆ ಅಂಟಬೇಕು ಅಂದರೆ ನಮಗೆ ಇರುವ ದಾರಿ ಇವೇ. ಸನ್‌ರೂಫ್, ಸ್ಕ್ರೀನ್ ಸೈಜು, ಡಿಕ್ಕಿಯ ಲೀಟರ್ ಲೆಕ್ಕ ಎಲ್ಲ ಬ್ರೋಷರಿನಲ್ಲಿದೆ. ಇಲ್ಲಿ ಬೇಡ.

ಟೆಸ್ಟ್ ಡ್ರೈವ್ ವಿಷಯಕ್ಕೆ ಬರೋಣ. ನಾನು ಮೊದಲು ಹೋದ ಶೋರೂಮಿನಲ್ಲಿ ಮ್ಯಾನ್ಯುಯಲ್ ಕಾರೇ ಇರಲಿಲ್ಲ. "ಸಾರ್, ಎಂಜಿನ್ ಒಂದೇ ಅಲ್ವಾ, ಆಟೊಮ್ಯಾಟಿಕ್ ಓಡಿಸಿ ನೋಡಿ, ಮ್ಯಾನ್ಯುಯಲ್ ಬುಕ್ ಮಾಡಿ" ಅಂದರು. ಕ್ಲಚ್ ಎಷ್ಟು ಗಟ್ಟಿ, ಗೇರ್ ಹೇಗೆ ಬೀಳುತ್ತದೆ ಅಂತ ನೋಡದೆ ಮ್ಯಾನ್ಯುಯಲ್ ಬುಕ್ ಮಾಡುವುದು ಹೇಗೆ? ಆಮೇಲೆ ಅವರದ್ದೇ ಒಂದು ರೂಟ್ ಇರುತ್ತದೆ. ಶೋರೂಮ್ ಬಿಟ್ಟು ಸರ್ವಿಸ್ ರಸ್ತೆ, ಒಂದು ಯೂ-ಟರ್ನ್, ನೇರ ರಸ್ತೆಯಲ್ಲಿ "ಈಗ ಒತ್ತಿ ಸಾರ್", ವಾಪಸ್. ಎಂಜಿನ್ ಆಯಿಲ್ ಇನ್ನೂ ಬಿಸಿಯಾಗಿರುವುದಿಲ್ಲ. ಕೂಲಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್‌ಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ತಣ್ಣನೆಯ ಎಂಜಿನ್ನಿನ ಮೇಲೆ ದಿನವಿಡೀ ಬಂದವರೆಲ್ಲ ಹೀಗೆ ಒತ್ತುತ್ತಾರೆ. ವರ್ಷದ ಕೊನೆಗೆ ಅದೇ ಕಾರು 'ಡೆಮೊ ಕಾರ್, ಒಳ್ಳೆ ಡಿಸ್ಕೌಂಟ್' ಅಂತ ಯಾರದೋ ಮನೆ ಸೇರುತ್ತದೆ. ಟರ್ಬೊ ಕಾರಿನಲ್ಲಿ ನಾನಂತೂ ಆ ಡಿಸ್ಕೌಂಟ್ ಮುಟ್ಟುವುದಿಲ್ಲ.

ಕೊನೆಗೆ ಊರಿನ ಇನ್ನೊಂದು ತುದಿಯ ಶೋರೂಮಿನಲ್ಲಿ ಮ್ಯಾನ್ಯುಯಲ್ ಸಿಕ್ಕಿತು. ಮನೆಗೇ ತನ್ನಿ ಅಂತ ಕೇಳಿದೆ. ಇದನ್ನು ಎಲ್ಲರೂ ಕೇಳಬೇಕು. ಯಾಕೆಂದರೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಕಡಿದು. ಮೇಲೆ ಸೆಕ್ಯೂರಿಟಿಯವರು ಗೇಟ್ ತೆಗೆಯುವವರೆಗೆ ಅರ್ಧದಲ್ಲಿ ನಿಲ್ಲಬೇಕು. ವರ್ನಾದ ಡಿಸಿಟಿಯಾಗಲಿ, ವರ್ಟಸ್‌ನ ಡಿಎಸ್‌ಜಿಯಾಗಲಿ (ಫೋಕ್ಸ್‌ವ್ಯಾಗನ್ನಿನ ಎರಡು ಕ್ಲಚ್ಚಿನ ಆಟೊಮ್ಯಾಟಿಕ್), ಎರಡರಲ್ಲೂ ಡ್ರೈ ಕ್ಲಚ್, ಅಂದರೆ ಆಯಿಲ್‌ನಲ್ಲಿ ಮುಳುಗಿರದ ಕ್ಲಚ್. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಕಾರು ನಿಲ್ಲಿಸಿಕೊಂಡರೆ ಕ್ಲಚ್ ಉಜ್ಜಿ ಬಿಸಿಯಾಗುತ್ತದೆ. ಬ್ರೇಕ್ ಹಿಡಿದು ನಿಂತು, ಗೇಟ್ ಪೂರ್ತಿ ತೆಗೆದ ಮೇಲೆ ಒಂದೇ ಸಲಕ್ಕೆ ಹತ್ತಿಸಿದರೆ ಏನೂ ತೊಂದರೆ ಇಲ್ಲ. ಭಾವನಿಗೆ ಈ ಅಭ್ಯಾಸ ಬೇಗ ಬಂತು. ಅಕ್ಕನಿಗೆ ಇನ್ನೂ ಬಂದಿಲ್ಲ.

ಟೆಸ್ಟ್ ಕಾರಿನ ಟೈರ್ ಗಾಳಿಯನ್ನೂ ನೋಡಿ. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಗಾಳಿ ಜಾಸ್ತಿ ತುಂಬಿಟ್ಟಿರುತ್ತಾರೆ, ಹಾಗೆಯೇ ರಸ್ತೆಗೆ ಬಿಡುತ್ತಾರೆ. ಭಾವ ಮೊದಲು ಓಡಿಸಿದ ವರ್ನಾ ಹಂಪಿನಲ್ಲಿ ಎತ್ತಿ ಹಾಕುತ್ತಿತ್ತು. ಡ್ರೈವರ್ ಬಾಗಿಲ ಪಕ್ಕದ ಸ್ಟಿಕರ್ ನೋಡಿ ಗಾಳಿ ಇಳಿಸಿದ ಮೇಲೆ ಬೇರೆಯೇ ಕಾರು. ಸಿಟಿ ಒಳಗೆ ವರ್ಟಸ್‌ಗಿಂತ ಮೆತ್ತಗೆ ಅನ್ನಿಸಿತು. ಹೈವೇಯಲ್ಲಿ 100ರ ಮೇಲೆ ವರ್ಟಸ್ ನೆಲ ಹಿಡಿದು ಕೂರುತ್ತದೆ, ಅದರ ಸ್ಟಿಯರಿಂಗೂ ನನ್ನ ಕೈಗೆ ಹೆಚ್ಚು ಒಗ್ಗಿತು.

ಈಗ ಅಸಲಿ ವಿಷಯ, ಮೊದಲ ಸಾವಿರ ಕಿಲೋಮೀಟರ್.

ಕಾರಿನ ಜೊತೆ ಕೊಡುವ ಹ್ಯುಂಡೈ ಪುಸ್ತಕ ಹೇಳುವುದು ಇಷ್ಟು. ಮೊದಲ 1,000 ಕಿಮೀ ಎಂಜಿನ್ 2,000ದಿಂದ 4,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು) ಒಳಗೆ ಇರಲಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಗಟ್ಟಿ ಬ್ರೇಕ್ ಬೇಡ. ಫೋಕ್ಸ್‌ವ್ಯಾಗನ್ ಪುಸ್ತಕದ ಪ್ರಕಾರ ಮೊದಲ 1,000 ಕಿಮೀ ಫುಲ್ ಥ್ರಾಟಲ್ (ಆಕ್ಸಿಲರೇಟರ್ ಪೂರ್ತಿ ಒತ್ತುವುದು) ಬೇಡ, ಗರಿಷ್ಠ ಆರ್‌ಪಿಎಂನ ಮೂರನೇ ಎರಡು ಭಾಗ ದಾಟಬೇಡಿ, ಆಮೇಲೆ 1,500 ಕಿಮೀವರೆಗೆ ಸ್ವಲ್ಪ ಸ್ವಲ್ಪವೇ ಏರಿಸಿ. ಲೆಕ್ಕ ಹಾಕಿದರೆ ಎರಡರ ಮೇಲಿನ ಮಿತಿಯೂ ಹತ್ತಿರ ಹತ್ತಿರ ನಾಲ್ಕು ಸಾವಿರವೇ. ದೊಡ್ಡ ಕಾರುಗಳಲ್ಲೂ ನಿಯಮ ಇದೇ ಜಾತಿಯದ್ದು. ಬಿಎಂಡಬ್ಲ್ಯುವಿನ ಹೆಚ್ಚು ಪವರಿನ ಎಂ ಕಾರುಗಳಿಗೆ 2,000 ಕಿಮೀಗೆ ಒಂದು ರನ್ನಿಂಗ್-ಇನ್ ಸರ್ವಿಸ್ ಇದೆ, ಅಲ್ಲಿಯವರೆಗೆ 5,500 ಆರ್‌ಪಿಎಂ ದಾಟುವಂತಿಲ್ಲ.

ಮೇಲಿನ ಮಿತಿ ಪಾಲಿಸುವುದು ಕಷ್ಟವಲ್ಲ. ಬೆಂಗಳೂರಿನಲ್ಲಿ ನಾಲ್ಕು ಸಾವಿರ ದಾಟಲು ಜಾಗವಾದರೂ ಎಲ್ಲಿದೆ? ಕಷ್ಟ ಇರುವುದು ಕೆಳಗಿನ ಮಿತಿಯಲ್ಲಿ. ಭಾವನ ತಲೆ ಕೆಟ್ಟದ್ದು ಇಲ್ಲೇ.

ಡಿಸಿಟಿಯನ್ನು ಡಿ ಗೆ ಹಾಕಿ ಸುಮ್ನೆ ಓಡಿಸಿದರೆ ಅದು ಮೈಲೇಜಿಗಾಗಿ ಬೇಗ ಬೇಗ ಮೇಲಿನ ಗೇರಿಗೆ ಹೋಗುತ್ತದೆ. ಔಟರ್ ರಿಂಗ್ ರೋಡಿನಲ್ಲಿ ಐವತ್ತರ ವೇಗಕ್ಕೆ ಆರ್‌ಪಿಎಂ ಮುಳ್ಳು 2,000ದ ಕೆಳಗೇ ಕೂತಿರುತ್ತದೆ. ಪುಸ್ತಕ ಬೇಡ ಅಂದದ್ದು ಅದನ್ನೇ. ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಒಂದು ಗೇರ್ ಇಳಿಸಿದರೆ ಸ್ವಲ್ಪ ಹೊತ್ತು ಮಾತು ಕೇಳುತ್ತದೆ, ಆಮೇಲೆ ತಾನೇ ಡಿ ಗೆ ವಾಪಸ್. ಮತ್ತೆ ಒತ್ತಿ, ಮತ್ತೆ ವಾಪಸ್. ಸಿಲ್ಕ್ ಬೋರ್ಡಿನಿಂದ ಮಾರತ್‌ಹಳ್ಳಿ ಮುಟ್ಟುವಷ್ಟರಲ್ಲಿ ಭಾವನ ಬೆರಳು ನೋಯುತ್ತಿತ್ತು. ಸ್ಪೋರ್ಟ್ ಮೋಡಿಗೆ ಹಾಕಿದರೆ ಗೇರ್ ಹಿಡಿದುಕೊಳ್ಳುತ್ತದೆ ನಿಜ. ಆದರೆ ಆಕ್ಸಿಲರೇಟರ್ ತೀರಾ ಚುರುಕಾಗಿ, ಬಂಪರಿಗೆ ಬಂಪರ್ ಟ್ರಾಫಿಕ್ಕಿನಲ್ಲಿ ಕಾರು ಎಗರಿ ಎಗರಿ ಹೋಗುತ್ತದೆ.

ಇದನ್ನು ಹ್ಯುಂಡೈ ತಪ್ಪು ಅನ್ನಲಾರೆ. ನಾನು ಮೊದಲು ಓಡಿಸಿದ ಡಿಎಸ್‌ಜಿ ಕೂಡ ಹೀಗೆಯೇ ಮಾಡುತ್ತಿತ್ತು. ಈಗಿನ ಆಟೊಮ್ಯಾಟಿಕ್‌ಗಳ ಸ್ವಭಾವವೇ ಅದು. ಆದರೆ ಹೊಸ ಟರ್ಬೊ ಎಂಜಿನ್ನಿಗೆ ಕಡಿಮೆ ಆರ್‌ಪಿಎಂನಲ್ಲಿ ಭಾರ ಎಳೆಸುವುದು ಒಳ್ಳೆಯದಲ್ಲ. ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಉಜ್ಜಿಕೊಂಡು ಸರಿಯಾಗಿ ಕೂರಬೇಕು. ಅವನ್ನು ಗೋಡೆಗೆ ಒತ್ತುವುದು ಒಳಗೆ ಉರಿಯುವ ಗ್ಯಾಸಿನ ಒತ್ತಡ. ಆ ಒತ್ತಡ ಏರಬೇಕು, ಇಳಿಯಬೇಕು. ತೀರಾ ನಾಜೂಕಾಗಿ ತೇಲಿಸಿಕೊಂಡು ಹೋದರೆ ರಿಂಗ್ ಕೂರುವುದಿಲ್ಲ, ಮೊದಲ ದಿನವೇ ರೆಡ್‌ಲೈನ್ (ಗರಿಷ್ಠ ಆರ್‌ಪಿಎಂ) ಮುಟ್ಟಿಸಿದರೆ ಬಿಸಿ ಜಾಸ್ತಿಯಾಗುತ್ತದೆ. ಮಧ್ಯದ ಥ್ರಾಟಲ್, ಮಧ್ಯದ ಆರ್‌ಪಿಎಂ, ಬದಲಾಗುತ್ತಿರುವ ವೇಗ. ಬೇಕಾದದ್ದು ಇಷ್ಟೇ.

ಮ್ಯಾನ್ಯುಯಲ್ಲಿನಲ್ಲಿ ಇದಕ್ಕೆ ಯೋಚನೆಯೇ ಬೇಡ. ಐವತ್ತಕ್ಕೆ ಮೂರನೇ ಗೇರ್, ನನಗೆ ಬೇಕಾದಷ್ಟು ಹೊತ್ತು. ಎಂಜಿನ್ ಬ್ರೇಕಿಂಗ್ ಬೇಕೆಂದರೆ ಎರಡಕ್ಕೆ ಇಳಿಸಿ ಕಾಲು ತೆಗೆದರೆ ಆಯ್ತು. ಕ್ಲಚ್ ಕಾಲು ನೋಯುವುದಿಲ್ಲವೇ ಅಂದರೆ, ನೋಯುತ್ತದೆ. ನಾನು ವಾರದಲ್ಲಿ ಹೆಚ್ಚು ದಿನ ಮನೆಯಿಂದಲೇ ಕೆಲಸ ಮಾಡುವವನು, ಆಫೀಸಿಗೆ ಹೋದರೂ ಬೆಳಗ್ಗೆ ಬೇಗ ಹೊರಡುತ್ತೇನೆ. ಹಾಗಾಗಿ ಆ ನೋವು ನನಗೆ ನಡೆಯುತ್ತದೆ.

ಇನ್ನು ಯಾವ ರಸ್ತೆಯಲ್ಲಿ ಫ್ರೀ ಮಾಡಿಸುವುದು? ಎಲ್ಲರೂ ಹೇಳುವುದು ಮೈಸೂರು ಎಕ್ಸ್‌ಪ್ರೆಸ್‌ವೇ. ಹೊಸ ಎಂಜಿನ್ನಿಗೆ ನನ್ನ ಲೆಕ್ಕದಲ್ಲಿ ಅದೇ ಕೆಟ್ಟ ರಸ್ತೆ. ಮಿತಿ 100, ಅಲ್ಲಲ್ಲಿ ಕ್ಯಾಮೆರಾ, ಎಲ್ಲರೂ ಕೊನೆಯ ಗೇರಿನಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುತ್ತಾರೆ. ಕ್ರೂಸ್ ಕಂಟ್ರೋಲ್ ಒತ್ತಿಬಿಟ್ಟರೆ ಮುಗಿಯಿತು, ಮುಳ್ಳು ಬಿಡದಿಯಿಂದ ಮದ್ದೂರಿನವರೆಗೆ ಅಲ್ಲಾಡುವುದಿಲ್ಲ. ವರ್ನಾ ಡಿಸಿಟಿಯಲ್ಲಿ ಮುಂದಿನ ಗಾಡಿ ನೋಡಿಕೊಂಡು ತಾನೇ ವೇಗ ಹೊಂದಿಸುವ ಕ್ರೂಸ್ ಇದೆ, ಭಾವನಿಗೆ ಅದನ್ನು ಮುಟ್ಟದೆ ಇರುವುದೇ ದೊಡ್ಡ ತಪಸ್ಸು. ನನ್ನ ಕಾರಿನಲ್ಲಿ ಮಾಮೂಲಿ ಕ್ರೂಸ್ ಮಾತ್ರ.

ನಾವಿಬ್ಬರೂ ಹಿಡಿದದ್ದು ನೆಲಮಂಗಲ, ಕುಣಿಗಲ್, ಹಾಸನದ ದಾರಿ. ಟೋಲು, ಊರು, ಲಾರಿ, ಸರ್ವಿಸ್ ರಸ್ತೆಯಿಂದ ನುಗ್ಗುವ ಟ್ರ್ಯಾಕ್ಟರ್. ಬೇಡವೆಂದರೂ ವೇಗ ಬದಲಾಗುತ್ತಲೇ ಇರುತ್ತದೆ. ಹಾಸನ ದಾಟಿ ಸಕಲೇಶಪುರದ ಕಡೆ ಏರಿಳಿತ ಶುರುವಾದರೆ ಎಂಜಿನ್ನಿಗೆ ಒಳ್ಳೆಯ ಕೆಲಸ. ಏರುವಾಗ ಅರ್ಧ ಥ್ರಾಟಲ್, ಶಿರಾಡಿ ಇಳಿಯುವಾಗ ಗೇರಿನಲ್ಲೇ ತಡೆಯುವುದು. ಬ್ರೇಕ್ ಪ್ಯಾಡ್ ಹೊಸತಾಗಿದ್ದಾಗ ಮೊದಲ ಇನ್ನೂರು-ಮುನ್ನೂರು ಕಿಲೋಮೀಟರ್ ಪೂರ್ತಿ ಹಿಡಿತ ಇರುವುದಿಲ್ಲ, ಹೊಸ ಟೈರಿಗೂ ಹೀಗೆಯೇ. ಹಾಗಾಗಿ ಘಾಟಿಯನ್ನು ಮೊದಲ ವಾರವೇ ಇಳಿಯಬೇಡಿ. ಇಳಿಜಾರಿನಲ್ಲಿ ವರ್ನಾದ ಪ್ಯಾಡಲ್ ಚೆನ್ನಾಗಿ ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಸಿಟಿಯಲ್ಲಿ ಕಾಡಿದ ಗೇರ್‌ಬಾಕ್ಸ್ ಘಾಟಿಯಲ್ಲಿ ಖುಷಿ ಕೊಟ್ಟಿತು.

ಪವರ್: ಫ್ರೀ ಆಗುವ ಅವಧಿ ಮುಗಿದ ಮೇಲೆ ಇಬ್ಬರೂ ಒತ್ತಿ ನೋಡಿದೆವು, ವರ್ನಾ ಮುಂದೆ. ಡಿಸಿಟಿ ಗೇರ್ ಬದಲಿಸುವ ವೇಗಕ್ಕೆ ನನ್ನ ಕೈ ಸಮ ಅಲ್ಲ.

ಮೈಲೇಜ್: ಹೈವೇಯಲ್ಲಿ ಹಗುರ ಥ್ರಾಟಲ್ ಇದ್ದಾಗ ವರ್ಟಸ್ ಎರಡು ಸಿಲಿಂಡರ್ ಆಫ್ ಮಾಡಿಕೊಳ್ಳುತ್ತದೆ, ಅಲ್ಲಿ ಅದು ಗೆದ್ದಿತು. ಊರೊಳಗೆ ಎರಡೂ ಕುಡುಕರೇ.

ಸುರಕ್ಷತೆ: ಗ್ಲೋಬಲ್ ಎನ್‌ಕ್ಯಾಪ್‌ನ ಕ್ರ್ಯಾಶ್ ಟೆಸ್ಟಿನಲ್ಲಿ 2023ರಲ್ಲಿ ಎರಡಕ್ಕೂ ಐದು ಸ್ಟಾರ್. ಆದರೆ ವರ್ಟಸ್‌ನ ಬಾಡಿಶೆಲ್ (ಕಾರಿನ ಲೋಹದ ಚೌಕಟ್ಟು) ಸ್ಥಿರ, ವರ್ನಾದ್ದು ಅಸ್ಥಿರ ಎಂದು ಅದೇ ವರದಿಗಳಲ್ಲಿದೆ. ನನ್ನ ಮನೆಯವಳು ಓದಿದ್ದು ಈ ಒಂದು ಸಾಲು ಮಾತ್ರ, ಅಲ್ಲಿಗೆ ಮನೆಯ ವೋಟು ಬಿತ್ತು.

ಸರ್ವಿಸ್: ಹ್ಯುಂಡೈ ಜಾಲ ದೊಡ್ಡದು. ಭಾವನ ಊರು ಶಿವಮೊಗ್ಗದ ಕಡೆ, ಅವರಿಗೆ ಅದು ಮುಖ್ಯ.

ಡೆಲಿವರಿಗೆ ಮುಂಚೆ ಒಂದು ಕೆಲಸ ಮಾಡಿ. ರಿಜಿಸ್ಟ್ರೇಷನ್ ಆಗುವ ಮೊದಲು ಯಾರ್ಡಿಗೇ ಹೋಗಿ ನಿಮ್ಮ ಕಾರು ನೋಡಿ. ಓಡೋಮೀಟರಿನ ಫೋಟೊ ತೆಗೆದುಕೊಳ್ಳಿ. ಟೈರಿನ ಬದಿಯ ನಾಲ್ಕು ಅಂಕಿ ಓದಿ: 2324 ಅಂದರೆ 2024ರ 23ನೇ ವಾರದ ಟೈರ್. ಹೊಸ ವರ್ಷದ ಆಫರಿನಲ್ಲಿ ಹಳೇ ವರ್ಷದ ಕಾರು ದಾಟಿಸುವುದು ಇಲ್ಲೇ ಸಿಕ್ಕಿಬೀಳುತ್ತದೆ. ಯಾರ್ಡಿನಿಂದ ಶೋರೂಮಿಗೆ ಕಾರನ್ನು ಯಾರು, ಹೇಗೆ ಓಡಿಸಿ ತರುತ್ತಾರೆ ಅಂತಲೂ ಕೇಳಿ. ನಾನು ಕೇಳಿದಾಗ ಮುಖ ನೋಡಿದರು, ಆದರೂ ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡೇ ತಂದರು.

ದುಡ್ಡಿನ ಲೆಕ್ಕದಲ್ಲೂ ನನಗೆ ಮ್ಯಾನ್ಯುಯಲ್ಲೇ ಸರಿಹೋಯಿತು. ಆಟೊಮ್ಯಾಟಿಕ್‌ಗೆ ಲಕ್ಷಕ್ಕೂ ಮೇಲೆ ಜಾಸ್ತಿ ಆಗುತ್ತಿತ್ತು. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ತೆರಿಗೆ ಶೇ 17, ಮೇಲೆ ಸೆಸ್. ಆ ಹೆಚ್ಚುವರಿ ಲಕ್ಷಕ್ಕೂ ಅದೇ ತೆರಿಗೆ ಕಟ್ಟಬೇಕು. ಉಳಿದ ದುಡ್ಡಿನಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡೆ. ದಿನಾ ರಿಂಗ್ ರೋಡಿನಲ್ಲಿ ಎರಡು ಗಂಟೆ ಕಳೆಯುವವರು ನನ್ನ ಮಾತು ಕೇಳಬೇಡಿ, ವರ್ನಾ ಡಿಸಿಟಿ ತಗೊಳ್ಳಿ, ಸಾವಿರ ಕಿಲೋಮೀಟರ್ ಪ್ಯಾಡಲ್ ಒತ್ತಿ ಸಹಿಸಿಕೊಳ್ಳಿ. ಸ್ಕೋಡಾ ಸ್ಲಾವಿಯಾ 1.5 ಕೂಡ ವರ್ಟಸ್‌ನದ್ದೇ ಎಂಜಿನ್, ಅದೇ ಪುಣೆ ಬಳಿಯ ಚಾಕಣ್ ಕಾರ್ಖಾನೆ. ಯಾವ ಶೋರೂಮ್ ಹತ್ತಿರವೋ ಅದು. ಬಜೆಟ್ ಇನ್ನೂ ಕೆಳಗೆ ನಿಲ್ಲುವುದಾದರೆ 120 ಪಿಎಸ್‌ನ ಹ್ಯುಂಡೈ ಐ20 ಎನ್ ಲೈನ್ ನೋಡಿ. ಅದಕ್ಕೂ ಆರು ಗೇರಿನ ಮ್ಯಾನ್ಯುಯಲ್ ಇದೆ, ಅದನ್ನು ಓಡಿಸಿ ನೋಡದೆ ಡಿಸಿಟಿಗೆ ಅಡ್ವಾನ್ಸ್ ಕೊಡಬೇಡಿ.