ಮೈಗ್ರೇನ್ ಚಾರ್ಟ್‌ಗೆ ಈ ಎನ್‌ಕೋಡರ್: ವೇಗ ಉಂಟು, ಪ್ರಶ್ನೆ ಕೇಳುವ ಅಭ್ಯಾಸ ಇಲ್ಲ

ಈ ಎನ್‌ಕೋಡರ್ ಸಾಫ್ಟ್‌ವೇರ್‌ನ ಹೆಸರು ಬರೆಯುವ ಹಾಗಿಲ್ಲ, ಕಂಪನಿಗೆ ಸಹಿ ಹಾಕಿ ಕೊಟ್ಟಿದ್ದೇನೆ. ಆದರೆ ಮಂಗಳೂರಿನಲ್ಲಿ ಕೂತು ಅಮೆರಿಕದ ಚಾರ್ಟ್ ಕೋಡ್ ಮಾಡುವವರಿಗೆ, ಅಂದರೆ ರೋಗಿಯ ದಾಖಲೆ ಓದಿ ವಿಮೆ ಬಿಲ್‌ಗೆ ಕಾಯಿಲೆಯ ಕೋಡ್ ಹಾಕುವವರಿಗೆ, ಯಾವ ತರಹದ್ದು ಎಂದು ಗೊತ್ತಾಗುತ್ತದೆ. ಎಡಗಡೆ ಡಾಕ್ಟರ್ ನೋಟ್, ಬಲಗಡೆ ಅದನ್ನು ತಾನೇ ಓದಿ ತೋರಿಸುವ ಕೋಡ್. ನ್ಯೂರಾಲಜಿ ಒಪಿ ಚಾರ್ಟ್‌ಗಳಿಗೆ 2022ರಿಂದ ಇದನ್ನೇ ಬಳಸುತ್ತಿದ್ದೇನೆ. ಬಿಪಿ, ಶುಗರ್ ಇದ್ದರೆ ತಕರಾರಿಲ್ಲ, ಚೆನ್ನಾಗಿಯೇ ಹಿಡಿಯುತ್ತದೆ. ತೊಂದರೆ ಇರುವುದು ಜಿ43ರಲ್ಲಿ, ಅಂದರೆ ಮೈಗ್ರೇನ್ ಕೋಡ್‌ಗಳಲ್ಲಿ, ಅದರಲ್ಲೂ ಔರಾ (ತಲೆನೋವಿನ ಮೊದಲು ಅಥವಾ ಜೊತೆಗೆ ಕಣ್ಣಿಗೆ ಮಿಂಚು, ಜೋಮು ಮುಂತಾದ ಲಕ್ಷಣ) ಇರುವ ಮೈಗ್ರೇನ್‌ನಲ್ಲಿ.

ನೋಟ್‌ನಲ್ಲಿ 'ಮೈಗ್ರೇನ್ ವಿತ್ ಔರಾ' ಎಂದು ಕಂಡರೆ ಸಾಕು, ಜಿ43.109 ಬಂದು ಕೂರುತ್ತದೆ. ತಪ್ಪು ಎನ್ನಲು ಆಗುವುದಿಲ್ಲ, ಪುಸ್ತಕದ ಇಂಡೆಕ್ಸ್ ಕೂಡ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಆದರೆ ಆ ಕೊನೆಯ ಎರಡು ಅಂಕಿ ಎರಡು ಮಾತು ಹೇಳುತ್ತವೆ: ಇಂಟ್ರ್ಯಾಕ್ಟಬಲ್ ಅಲ್ಲ, ಸ್ಟೇಟಸ್ ಮೈಗ್ರೇನೋಸಸ್ ಇಲ್ಲ. ಇಂಟ್ರ್ಯಾಕ್ಟಬಲ್, ಅಂದರೆ ಮದ್ದಿಗೆ ಜಗ್ಗದ ಮೈಗ್ರೇನ್ ಆದರೆ 119. 72 ಗಂಟೆ ದಾಟಿದರೂ ಬಿಡದೆ, ಡಾಕ್ಟರ್ ಅದನ್ನು ಸ್ಟೇಟಸ್ ಎಂದು ಬರೆದಿದ್ದರೆ 101 ಅಥವಾ 111. ಡಾಕ್ಟರ್‌ಗಳು 'ಇಂಟ್ರ್ಯಾಕ್ಟಬಲ್' ಎಂಬ ಪದವನ್ನೇ ಬರೆಯಬೇಕೆಂದೂ ಇಲ್ಲ. 'ರಿಫ್ರ್ಯಾಕ್ಟರಿ', 'ಟ್ರೀಟ್‌ಮೆಂಟ್ ರೆಸಿಸ್ಟೆಂಟ್', 'ಪೂರ್ಲಿ ಕಂಟ್ರೋಲ್ಡ್' ಎಲ್ಲವೂ ಅದಕ್ಕೆ ಸಮ ಎಂದು ಅಮೆರಿಕದ ಕೋಡ್ ಪಟ್ಟಿಯಾದ ಐಸಿಡಿ-10-ಸಿಎಂನಲ್ಲಿ ಜಿ43ರ ಕೆಳಗೇ ಬರೆದಿದೆ. ನಮ್ಮ ಎನ್‌ಕೋಡರ್ 'ರಿಫ್ರ್ಯಾಕ್ಟರಿ'ಯನ್ನು ಹಿಡಿಯುತ್ತದೆ, 'ಪೂರ್ಲಿ ಕಂಟ್ರೋಲ್ಡ್' ಕಂಡರೆ ಕಾಣದ ಹಾಗೆ ಮುಂದೆ ಹೋಗುತ್ತದೆ. ಯಾಕೋ ಗೊತ್ತಿಲ್ಲ.

ಇನ್ನೂ ಕಷ್ಟದ ಚಾರ್ಟ್ ಎಂದರೆ, ಟ್ರಿಪ್ಟಾನ್ (ಮೈಗ್ರೇನ್ ಬಂದಾಗ ಕೊಡುವ ಮದ್ದು) ಕೆಲಸ ಮಾಡಲಿಲ್ಲ, ತಡೆಯುವ ಮಾತ್ರೆ ಬದಲಿಸಿದ್ದೇವೆ ಎಂದೆಲ್ಲ ಪ್ಲಾನ್‌ನಲ್ಲಿ ಬರೆದು, ಡಯಾಗ್ನೋಸಿಸ್‌ನಲ್ಲಿ ಬರೀ 'ಮೈಗ್ರೇನ್ ವಿತ್ ಔರಾ' ಎಂದು ಬಿಟ್ಟಿರುವುದು. ಅದನ್ನು ಇಂಟ್ರ್ಯಾಕ್ಟಬಲ್ ಎಂದು ತೀರ್ಮಾನಿಸಲು ಕೋಡರ್‌ಗೆ ಅಧಿಕಾರವಿಲ್ಲ, ಡಾಕ್ಟರನ್ನೇ ಕೇಳಬೇಕು. ಇಂಥ ಜಾಗದಲ್ಲಿ ಸಾಫ್ಟ್‌ವೇರ್ ಒಂದು ಎಚ್ಚರಿಕೆ ಕೊಡಬಹುದಿತ್ತು ಅಲ್ವಾ? ಸುಮ್ನೆ 109 ಹಾಕಿ ಹಸಿರು ಟಿಕ್ ತೋರಿಸುತ್ತದೆ. ಹೊಸಬರು ಆ ಹಸಿರು ನೋಡಿ ಸಬ್‌ಮಿಟ್ ಒತ್ತುತ್ತಾರೆ.

ಇಲ್ಲ ಎಂದು ಬರೆದಿದ್ದನ್ನು ಇದೆ ಎಂದು ಓದುವ ಚಾಳಿಯೂ ಉಂಟು. 'ಡಿನೈಸ್ ಔರಾ' ಈಗ ಸರಿ ಹೋಗಿದೆ. 'ತಾಯಿಗೆ ಔರಾ ಸಹಿತ ಮೈಗ್ರೇನ್ ಇತ್ತು' ಎಂಬ ಫ್ಯಾಮಿಲಿ ಹಿಸ್ಟರಿ ಸಾಲನ್ನು ಮಾತ್ರ ಇವತ್ತಿಗೂ ಮಗಳ ತಲೆಗೆ ಕಟ್ಟುತ್ತದೆ ಮಾರಾಯ್ರೆ. 'ಪಾಸಿಬಲ್', 'ಪ್ರೊಬಬಲ್' ಎಂದು ಬರೆದಿದ್ದರೂ ಅದೇ ಕಥೆ. ಒಪಿಯಲ್ಲಿ ಅನುಮಾನದ ಕಾಯಿಲೆಯನ್ನು ಕೋಡ್ ಮಾಡುವ ಹಾಗಿಲ್ಲ. ತಲೆನೋವಿಗೆ ಆರ್51.9, ಕಣ್ಣಿಗೆ ಮಿಂಚು ಕಾಣುವುದಕ್ಕೆ ಬೇರೆ ಲಕ್ಷಣದ ಕೋಡ್, ಅಷ್ಟೇ.

ಇದು ಬರೀ ಡಿನಯಲ್ (ವಿಮೆಯವರು ಬಿಲ್ ತಿರಸ್ಕರಿಸುವುದು) ಲೆಕ್ಕವಲ್ಲ. ಔರಾ ಇರುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಜಾಸ್ತಿ. ಹಾಗಾಗಿ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಅವರಿಗೆ ಕೊಡಬಾರದ 4ನೇ ವರ್ಗದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿದೆ. ಔರಾ ಎಂಬ ಕೋಡ್ ತಪ್ಪಾಗಿ ಸೇರಿದರೆ ಒಬ್ಬಳಿಗೆ ಬೇಕಾದ ಮಾತ್ರೆ ಸಿಗುವುದಿಲ್ಲ. ಇರಬೇಕಾದಲ್ಲಿ ಬಿಟ್ಟುಹೋದರೆ ಇನ್ನೂ ಕೆಟ್ಟದ್ದು.

2023ರ ಅಕ್ಟೋಬರ್ 1ರಿಂದ ಔರಾ ಸಹಿತ ಕ್ರಾನಿಕ್ ಮೈಗ್ರೇನ್‌ಗೆ ಜಿ43.ಇ ಬಂತು. ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವು, 3 ತಿಂಗಳಿಗೂ ಮೀರಿ, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ ಇದ್ದರೆ ಅದು ಕ್ರಾನಿಕ್. ಹಿಂದೆ ಕ್ರಾನಿಕ್‌ಗೆಂದು ಇದ್ದದ್ದು ಜಿ43.7 ಮಾತ್ರ, ಅದು ಔರಾ ಇಲ್ಲದ್ದಕ್ಕೆ. ಹೊಸ ಕೋಡ್ ಪಟ್ಟಿಗೆ ಸಮಯಕ್ಕೆ ಸರಿಯಾಗಿ ಸೇರಿತು, ಆದರೆ ಸಲಹೆ ಕೊಡುವ ಭಾಗಕ್ಕೆ ಅದು ತಿಳಿಯಲು ತಿಂಗಳುಗಳೇ ಹಿಡಿದವು. ಕ್ರಾನಿಕ್ ಮೈಗ್ರೇನ್‌ಗೆ ಬೊಟಾಕ್ಸ್ ಚುಚ್ಚುವ ಚಿಕಿತ್ಸೆಯ ಕೋಡ್ 64615 ಇರುವ ಚಾರ್ಟ್‌ಗಳಲ್ಲಿ ನೋಟ್‌ನ ಮಾತು ಒಂದು, ಸಲಹೆಯ ಕೋಡ್ ಇನ್ನೊಂದು. ಆಡಿಟ್‌ನವರ ಮೇಲ್ ಬೇರೆ. ಈಗ ಬಹುಪಾಲು ಸರಿಯಿದೆ.

ಮೆಚ್ಚಿದ್ದು ಕ್ವೆರಿ ಭಾಗವನ್ನು. ಚಾರ್ಟ್ ಬಿಟ್ಟು ಹೊರಗೆ ಹೋಗದೆಯೇ ಡಾಕ್ಟರ್‌ಗೆ ಪ್ರಶ್ನೆ ಕಳಿಸಬಹುದು, ಉತ್ತರ ಚಾರ್ಟ್ ಜೊತೆಗೇ ಉಳಿಯುತ್ತದೆ. ಅದರಲ್ಲಿದ್ದ ಟೆಂಪ್ಲೇಟ್ ಬಡವಾಗಿತ್ತು, ನಾನೇ ತಿದ್ದಿಕೊಂಡೆ. ಔರಾ ಕಣ್ಣಿನದೋ, ಜೋಮಿನದೋ, ಮಾತಿನದೋ? ಎಷ್ಟು ಹೊತ್ತು ಇತ್ತು? (5ರಿಂದ 60 ನಿಮಿಷ ಎಂಬುದು ತಲೆನೋವು ವರ್ಗೀಕರಣದ ಅಳತೆ.) ಮದ್ದಿಗೆ ಸ್ಪಂದನೆ ಹೇಗಿದೆ? ಉತ್ತರವನ್ನು ಅವರ ಬಾಯಿಗೆ ತುರುಕಬಾರದು, ಆಯ್ಕೆಗಳ ಜೊತೆ 'ಹೇಳಲಾಗದು' ಎಂಬುದೂ ಇರಬೇಕು. ಇದನ್ನು ಕಳಿಸುತ್ತಾ ಬಂದ ಮೇಲೆ ಒಂದು ಕ್ಲಿನಿಕ್‌ನ ಡಾಕ್ಟರ್‌ಗಳು ಕೇಳುವ ಮೊದಲೇ 'ನಾಟ್ ಇಂಟ್ರ್ಯಾಕ್ಟಬಲ್' ಎಂದು ಬರೆಯಲು ಶುರು ಮಾಡಿದರು.

ಮಳೆಗಾಲದಲ್ಲಿ ಬಿಜೈ ಕಡೆ ಕರೆಂಟ್ ಹೋದಾಗಲೂ ಡ್ರಾಫ್ಟ್ ಉಳಿಯುತ್ತದೆ, ಅದೊಂದು ಪುಣ್ಯ. ಕೋಡರ್‌ಗಳ ಸಿಪಿಸಿ ಪರೀಕ್ಷೆಗೆ ಓದುವವರು ಇದರಲ್ಲಿ ಕಲಿಯಲು ಹೋಗಬೇಡಿ, ಅಲ್ಲಿ ಬೇಕಾಗುವುದು ಪುಸ್ತಕ ತಿರುವಿದ ಕೈ. ಇಲ್ಲಿನ ಆಸ್ಪತ್ರೆಗಳ ಎಂಆರ್‌ಡಿಯಲ್ಲಿ (ರೋಗಿಗಳ ದಾಖಲೆ ವಿಭಾಗ) ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಬಳಸುವವರಿಗೂ ಪ್ರಯೋಜನವಿಲ್ಲ. ಅದರಲ್ಲಿ ಔರಾಗೆ ಜಿ43.1 ಅಷ್ಟೇ, ಸ್ಟೇಟಸ್‌ಗೆ ಜಿ43.2 ಎಂದು ಬೇರೆಯೇ ಇದೆ. ಅಮೆರಿಕದ ಪಟ್ಟಿಯಲ್ಲಿ ಜಿ43.2 ಇಲ್ಲವೇ ಇಲ್ಲ.

109 ಹಾಕುವ ಮೊದಲು ಎರಡು ಪ್ರಶ್ನೆ ಕೇಳುವ ಹಾಗೆ ಮಾಡಿ ಎಂದು ಸಪೋರ್ಟ್‌ಗೆ ಬರೆದಿದ್ದೇನೆ. 'ಸಲಹೆಯನ್ನು ತಂಡಕ್ಕೆ ತಲುಪಿಸಿದ್ದೇವೆ' ಎಂಬ ಉತ್ತರ ಬಂದಿದೆ. ಸದ್ಯಕ್ಕೆ 5ರಲ್ಲಿ 3, ಅದರಲ್ಲಿ ಒಂದೂವರೆ ಕ್ವೆರಿಗೆ.